ಅವ್ವ ಹೇಳಿದ ಎರಡನೇ ಸಾಕ್ಷಿ

ಶಹಾಪುರದಲ್ಲಿ ನಮ್ಮದು ಸಣ್ಣ ಚರ್ಚು. ತಗಡಿನ ಸೂರು, ಚಾಪೆ ಹಾಸಿದ ನೆಲ. ಅಲ್ಲಿ ಪ್ರಸಂಗ ಮುಗಿದ ಮೇಲೆ ಸಾಕ್ಷಿ ಹೇಳುವ ಪದ್ಧತಿ ಇದೆ. ದೇವರು ಯಾರಿಗೆ ಏನು ಒಳ್ಳೆಯದು ಮಾಡಿದ್ದಾನೋ ಅವರು ಎದ್ದು ನಿಂತು ಎಲ್ಲರೆದುರು ಹೇಳಬೇಕು. ಜ್ವರ ಬಿಟ್ಟಿದ್ದು, ಕಳೆದ ಆಡು ಸಿಕ್ಕಿದ್ದು, ಮಗಳಿಗೆ ವರ ಕೂಡಿಬಂದದ್ದು, ಎಲ್ಲವೂ ಅಲ್ಲೇ. ಕೂತವರೆಲ್ಲ ‘ಸ್ತೋತ್ರ’ ಅನ್ನುತ್ತಾರೆ. ನನಗೆ ಮೊದಲಿಂದಲೂ ಇದು ಅಷ್ಟಕ್ಕಷ್ಟೇ. ಸ್ವಲ್ಪ ದಿನ ತಡೆದು ಹೇಳಿದರೆ ಇವರಿಗೆ ಏನಾಗುತ್ತದೆ ಎಂದು ಒಳಗೊಳಗೇ ಗೊಣಗುತ್ತಿದ್ದೆ.

ಒಂದು ಭಾನುವಾರ ನನ್ನ ಪಕ್ಕ ಕೂತಿದ್ದ ಅವ್ವ ಎದ್ದು ನಿಂತಳು. “ನನ್ನ ಎದಿಯೊಳಗ ಗಂಟಿತ್ತು. ಪಾಸ್ಟರಮ್ಮ ಎಣ್ಣಿ ಹಚ್ಚಿ ಪ್ರಾರ್ಥನಾ ಮಾಡಿದ್ರು. ಕರ್ತ ಮುಟ್ಯಾನ, ಗಂಟು ಕರಗ್ಯದ” ಎಂದಳು. ಹೆಂಗಸರು ಕಣ್ಣೊರೆಸಿಕೊಂಡರು. ನಾನು ಹೌಹಾರಿದೆ. ಗಂಟಿದ್ದದ್ದೇ ನನಗೆ ಗೊತ್ತಿರಲಿಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ!

ನೋವು ಕಡಿಮೆಯಾಗಿದ್ದು ನಿಜ. ನೋವು ಹೋದರೆ ಗಂಟೂ ಹೋದಂತೆ ಎಂದು ಅವ್ವ ನಂಬಿದ್ದಳು. ಡಾಕ್ಟರಿಗೆ ತೋರಿಸೋಣ ಎಂದರೆ ನಕ್ಕುಬಿಟ್ಟಳು. ಆಮೇಲೆ ಸಾಕ್ಷಿಯ ಸುದ್ದಿ ಹಬ್ಬಿ ಸುರಪುರ, ಯಾದಗಿರಿಯಿಂದೆಲ್ಲ ಬೇನೆಯವರು ಹುಡುಕಿಕೊಂಡು ಬರತೊಡಗಿದರು. ಜನ್ಮವಿಡೀ ಖಾನಾವಳಿಯಲ್ಲಿ ರೊಟ್ಟಿ ಬಡಿದ ಅವ್ವನ ಕೈಯನ್ನು ತಮ್ಮ ತಲೆಯ ಮೇಲೆ ಇಡಿಸಿಕೊಂಡು ಹೋಗುತ್ತಿದ್ದರು. ಅವ್ವನ ಮುಖದಲ್ಲಿ ಅಂಥ ಕಳೆ ನಾನು ಕಂಡೇ ಇರಲಿಲ್ಲ. ಸುಳ್ಳೇಕೆ, ನನಗೂ ಹೆಮ್ಮೆಯಾಗಿತ್ತು.

ಮಳೆಗಾಲ ಕಳೆಯುವಷ್ಟರಲ್ಲಿ ಜಡೆ ಹಾಕಿಕೊಳ್ಳಲೂ ಅವಳ ಎಡಗೈ ಮೇಲೇಳದಾಯಿತು. ಒಂದು ಬೆಳಿಗ್ಗೆ ಕುಪ್ಪಸದ ಮೇಲೆ ಹಸಿ ಕಲೆ ಕಂಡು ಕೇಳಿಯೇಬಿಟ್ಟೆ. ಸೆರಗು ಎಳೆದುಕೊಂಡಳು.

“ದವಾಖಾನಿಗಿ ನಡಿ.”

“ಸಾಕ್ಷಿ ಹೇಳೀನವ್ವ ನಾ. ಈಗ ಹೆಂಗ ಹೋಗ್ಲಿ? ಮಂದಿ ಏನಂತಾರ? ದೇವರ ಹೆಸರಿಗಿ ಮಸಿ ಬಳದಂಗ ಆಗ್ತದ.”

ನನಗೆ ಮೈಯೆಲ್ಲ ಉರಿದುಹೋಯಿತು. “ದೇವರ ಹೆಸರ ದೇವರು ನೋಡ್ಕೋತಾನ! ನಿನ್ನ ಜೀವ ಹೋದ್ರ ಆ ಮಂದಿ ತಂದ್ಕೊಡ್ತಾರೇನು?” ಎಂದು ಕೂಗಾಡಿದೆ. ಅವ್ವ ಬಾಯಿಗೆ ಸೆರಗಿಟ್ಟುಕೊಂಡು ಅತ್ತಳು. ಸಾಯಲು ಅವಳಿಗೆ ಅಂಜಿಕೆಯಿರಲಿಲ್ಲ. ಸುಳ್ಳುಗಾತಿ, ನಂಬಿಕೆಗೆಟ್ಟವಳು ಎನ್ನಿಸಿಕೊಳ್ಳಲು ನಡುಗುತ್ತಿದ್ದಳು. ಜೋಳ ತೆನೆ ಕಟ್ಟುವವರೆಗೂ ಇದೇ ಹಟ.

ಆಗ ಸುರಪುರದ ಹೆಂಗಸೊಬ್ಬಳು ಬಂದಳು. ಸಕ್ಕರೆ ಬೇನೆ, ಕಾಲು ಬಾತುಕೊಂಡಿತ್ತು. “ನಿಮ್ಮ ಸಾಕ್ಷಿ ಕೇಳಿದಾಗಿಂದ ಗುಳಿಗಿ ಬಿಟ್ಟೀನ್ರಿ ಅಕ್ಕಾ. ನಿಮ್ಮಷ್ಟ ನಂಬಿಕಿ ನಂಗೂ ಕೊಡು ಅಂತ ಬೇಡ್ಕೊಳ್ಳಾಕತ್ತೇನ್ರಿ” ಎಂದಳು. ಅವ್ವ ಅವಳ ತಲೆಯ ಮೇಲೆ ಕೈ ಇಡಲಿಲ್ಲ. “ಇವತ್ತಿಂದನ ಗುಳಿಗಿ ತಗೋ. ಯಾಕಂತ ಐತಾರ ಸಭಾದಾಗ ಹೇಳ್ತೀನಿ, ಬಾ” ಎಂದು ಕಳಿಸಿದಳು.

ಅವಳು ಹೋದ ಮೇಲೆ ಅವ್ವ ಮೊಣಕಾಲೂರಿ ಕೂತಳು. ಬಹಳ ಹೊತ್ತು ಏಳಲಿಲ್ಲ. ಅವಳ ಪ್ರಾರ್ಥನೆ ಅಡುಗೆಮನೆಯಲ್ಲಿದ್ದ ನನಗೆ ಕೇಳುತ್ತಿತ್ತು. “ಯೇಸಪ್ಪಾ, ಗಂಟು ತೆಗಿ ಅಂತ ಕೇಳಂಗಿಲ್ಲ ನಾ. ಈ ಮಂದಿ ಅಂಜಿಕಿ ತೆಗಿ, ಸಾಕು.”

ಭಾನುವಾರ ಗೋಡೆ ಹಿಡಿದು ಎದ್ದಳು. “ನಾ ಅವಸರ ಮಾಡಿ ಸಾಕ್ಷಿ ಹೇಳೀನಿ. ಗಂಟು ಹೋಗಿಲ್ಲ, ಹೆಚ್ಚಾಗ್ಯದ. ಕರ್ತ ಸುಳ್ಳಲ್ಲ, ನಾ ತಪ್ಪೀನಿ. ಯಾರೂ ಗುಳಿಗಿ ಬಿಡಬ್ಯಾಡ್ರಿ. ನಾನೂ ದವಾಖಾನಿಗಿ ಹೊಂಟೀನಿ.” ಅವಳ ದನಿ ಒಂದಿಷ್ಟೂ ನಡುಗಲಿಲ್ಲ. ಯಾರೂ ಸ್ತೋತ್ರ ಅನ್ನಲಿಲ್ಲ. ಪಾಸ್ಟರಮ್ಮ ನೆಲ ನೋಡುತ್ತಿದ್ದರು. ನಾವು ಹೊರಗೆ ಬರುವಾಗ ಜನ ದಾರಿ ಬಿಟ್ಟು ಸರಿದು ನಿಂತರೇ ಹೊರತು ಒಬ್ಬರೂ ಮಾತಾಡಿಸಲಿಲ್ಲ. ಎಂಥ ಮಂದಿಯೋ! ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು.

ಕಲಬುರಗಿಯಲ್ಲಿ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಬಹಳ ತಡವಾಗಿದೆ, ಶ್ವಾಸಕೋಶಕ್ಕೂ ಹಬ್ಬಿದೆ ಎಂದರು. ಮುಖ ತೊಳೆದುಕೊಂಡು ಹೊರಗೆ ಬಂದೆ. ಅವ್ವ ಬೆಂಚಿನ ಮೇಲೆ ಕಾಯುತ್ತಿದ್ದಳು.

“ಏನಂದ್ರು?”

“ಗುಳಿಗಿ ಬರದಾರ. ಕಡಿಮಿ ಆಗ್ತದಂತ.”

ಅವಳು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. “ಖರೇ ಹೇಳವ್ವ. ನಾ ಅಷ್ಟು ಮಂದಿ ಮುಂದ ಹೇಳೀನಿ. ನೀ ಹಡದವ್ವನ ಮುಂದ ಹೇಳಾಕ ಅಂಜತೀಯೇನು?”

ಅಳುತ್ತ ಎಲ್ಲವನ್ನೂ ಹೇಳಿದೆ. ಅವ್ವ ಕೈ ಬಿಡದೆ ಕೇಳಿದಳು.