ಪ್ರಜೆಗಳಿಗೆ ಮಾತ್ರ

ಸ್ವೀಡನ್ನಿನ ವೆಸ್ಟೆರಾಸ್‌ನಲ್ಲಿರುವ ನಮ್ಮ ಆಫೀಸಿಗೆ ಅಮೆರಿಕದಿಂದ ಬಂದಿದ್ದ ಎಂಜಿನಿಯರೊಬ್ಬ, ಫೀಕಾ ಎಂದು ಇಲ್ಲಿನವರು ಕರೆಯುವ ಬಿಡುವಿನ ಹೊತ್ತಿನಲ್ಲಿ ಕಾಫಿ ಕುಡಿಯುತ್ತಾ ತನ್ನ ಮೆಚ್ಚಿನ ಅಧ್ಯಕ್ಷೀಯ ಅಭ್ಯರ್ಥಿಯನ್ನು ಹೊಗಳುತ್ತಿದ್ದ. "ಅವರು ಗೆದ್ದರೆ ಕೋರ್ಟಿನ ಅನುಮತಿಯಿಲ್ಲದೆ ಸರ್ಕಾರ ಯಾರ ಮೆಸೇಜನ್ನೂ ಓದೋ ಹಾಗಿಲ್ಲ."

"ನನ್ನದನ್ನೂ ಓದೋ ಹಾಗಿಲ್ವಾ?" ಎಂದೆ.

"ಅದು ಅಮೆರಿಕದ ಪ್ರಜೆಗಳಿಗೆ ಮಾತ್ರ. ಮುಚ್ಚಿಡೋಕೆ ಏನೂ ಇಲ್ಲದಿದ್ರೆ ನಿಮಗ್ಯಾಕೆ ಚಿಂತೆ?"

ಮೈ ಉರಿದುಹೋಯಿತು. ಗರ್ಭ ನಿಲ್ಲಲಿಲ್ಲವೆಂದು ಹೋದ ತಿಂಗಳು ಊರಿನಲ್ಲಿರುವ ಅಮ್ಮನಿಗೆ ಬರೆದಿದ್ದೆ, ಅವನ ದೇಶದ ಆಪ್‌ನಲ್ಲೇ. ಗಂಡನನ್ನು ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ.

"ಹಾಗಾದ್ರೆ ನಿಮ್ಮ ಫೋನ್ ಕೊಡಿ, ನಿಮ್ಮ ಹೆಂಡತಿಯ ಮೆಸೇಜ್ ಓದ್ತೀನಿ," ಎಂದು ಕೈ ಚಾಚಿದೆ.

ಅವನು ಫೋನನ್ನು ಜೇಬಿಗೆ ಸೇರಿಸಿದ. "ಅದು ಖಾಸಗಿ."

"ನೀವು ಈ ದೇಶದ ಪ್ರಜೆ ಅಲ್ಲವಲ್ಲ."

ಮೇಜಿನ ಸುತ್ತ ಕೂತಿದ್ದ ಸ್ವೀಡಿಷ್ ಸಹೋದ್ಯೋಗಿಗಳು ಒಬ್ಬರೂ ಬಾಯಿಬಿಡಲಿಲ್ಲ. ಇಲ್ಲಿನವರ ಮೌನವನ್ನು ಬೆಂಬಲ ಎಂದುಕೊಳ್ಳಬೇಕೋ ಬೇಡವೋ, ಈ ದೇಶಕ್ಕೆ ಬಂದು ಐದು ವರ್ಷವಾದರೂ ನನಗಿನ್ನೂ ಗೊತ್ತಾಗಿಲ್ಲ.