ದೇವರ ಜೊತೆ ಜಗಳಕ್ಕೆ ನಿಂತ ದೊಡ್ಡವ್ವ

ಮೊನ್ನೆ ಸೊಸೆ ಒಲೆಯ ಮೇಲೆ ಜೋಳ ಹುರಿಯಲು ಇಟ್ಟು ಫೋನಿನಲ್ಲಿ ಮಾತಿಗೆ ಕೂತಳು. ರಾಯಚೂರಿನ ಈ ಪುಟ್ಟ ಮನೆಯ ತುಂಬ ಸೀದ ಜೋಳದ ವಾಸನೆ. ಬೈಯಲು ಬಾಯಿ ತೆರೆದವಳು ಹಾಗೇ ಗೋಡೆ ಹಿಡಿದು ಕೂತುಬಿಟ್ಟೆ. ದೊಡ್ಡವ್ವನ ಗುಡಿಸಲು ಉರಿದ ಸಂಜೆ ಅವಳ ಜೋಳದ ಚೀಲ ಸುಟ್ಟಾಗ ಬಂದದ್ದು ಇದೇ ವಾಸನೆ...

ದೇವದುರ್ಗದಿಂದ ಮಾನ್ವಿ ಕಡೆಯ ಆ ಹಳ್ಳಿಗೆ ನಾನು ಸೊಸೆಯಾಗಿ ಹೋದದ್ದು ಎಪ್ಪತ್ತರ ದಶಕದ ಕೊನೆಗೆ. ದೊಡ್ಡವ್ವ ನಮ್ಮ ಎದುರುಮನೆಯವಳು. ರಕ್ತಸಂಬಂಧವೇನಿಲ್ಲ, ಕೇರಿಗೆಲ್ಲ ಅವಳು ದೊಡ್ಡವ್ವ. ಗಂಡ ಸತ್ತ ಮೇಲೆ ಕೂಲಿ ಮಾಡಿ ಇಬ್ಬರು ಗಂಡುಮಕ್ಕಳನ್ನು ಸಾಕಿದ್ದಳು. ಕೇರಿಯವರೆಲ್ಲ ಯೇಸುವನ್ನು ನಂಬಿದವರು. ಮಣ್ಣುಗೋಡೆಯ ಪ್ರಾರ್ಥನಾಮಂದಿರದಲ್ಲಿ ನಾವು ಕಣ್ಣು ಮುಚ್ಚಿ ಪಿಸುಗುಟ್ಟುತ್ತಿದ್ದರೆ, ಅವಳು ಕಣ್ಣು ಬಿಟ್ಟುಕೊಂಡು ದೇವರನ್ನು ದಬಾಯಿಸುತ್ತಿದ್ದಳು. ಸಂತೆಯಲ್ಲಿ ತೂಕಕ್ಕೆ ಜಗಳ ತೆಗೆದವಳ ಹಾಗೆ ಕೇಳುತ್ತಿತ್ತು.

ಒಂದು ಬೇಸಿಗೆಯಲ್ಲಿ ನಮ್ಮ ಕೇರಿಯ ಬಾವಿ ಬತ್ತಿತು. ಊರಿನವರ ಬಾವಿಯನ್ನು ನಾವು ಮುಟ್ಟುವಂತಿರಲಿಲ್ಲ. ಅವರಾಗಿ ಸೇದಿ ಹೊಯ್ದರೆ ನೀರು, ಇಲ್ಲದಿದ್ದರೆ ಇಲ್ಲ. ಒಂದು ಮಧ್ಯಾಹ್ನ ದೊಡ್ಡವ್ವನ ಹಿರಿಯ ಮಗ ಕಾದೂ ಕಾದೂ ಸಾಕಾಗಿ ತಾನೇ ಕೊಡ ಇಳಿಬಿಟ್ಟ. ಊರಿನವರು ಬಂಡಿಯ ಗೂಟ ಕಿತ್ತುಕೊಂಡು ಬಂದರು. ತಲೆಗೆ ಹೊಡೆದರು, ಬಿದ್ದ ಮೇಲೆ ಎದೆಗೆ ತುಳಿದರು. ಬಿಡಿಸಲು ಹೋದ ನನ್ನ ಗಂಡನ ಕೈ ಮುರಿದರು. ರಾಯಚೂರಿನ ದವಾಖಾನೆಗೆಂದು ಬಂಡಿಯಲ್ಲಿ ಹಾಕಿಕೊಂಡು ಹೊರಟರೆ, ಬಸ್ಸಿನ ರಸ್ತೆ ಸಿಗುವ ಮೊದಲೇ ಹುಡುಗ ರಕ್ತ ಕಾರಿ ಸತ್ತ. ಅದೇ ಸಂಜೆ ಯಾರೋ ದೊಡ್ಡವ್ವನ ಗುಡಿಸಲಿಗೆ ಬೆಂಕಿ ಇಟ್ಟರು. ಯಾರೋ ಏನು ಬಂತು, ನಮಗೆಲ್ಲ ಗೊತ್ತಿತ್ತು.

ಮರುದಿನ ಮಣ್ಣು ಮಾಡಲು ಮಾನ್ವಿಯಿಂದ ಪ್ರಾರ್ಥನೆ ನಡೆಸುವ ಉಪದೇಶಿ ಬಂದ. ಪಾಪ, ಸಾಧು ಮನುಷ್ಯ, ಬೇರೇನು ಹೇಳಲು ತೋಚದೆ, "ಎಲ್ಲಾ ದೇವರ ಚಿತ್ತ, ಸಮಾಧಾನ ಮಾಡ್ಕೊಳ್ರಿ ಯವ್ವಾ," ಅಂದ. ದೊಡ್ಡವ್ವ ಎದ್ದು ಅವನ ಅಂಗಿಯ ಕೊರಳಪಟ್ಟಿ ಹಿಡಿದಳು.

"ನನ್ನ ಮಗನ್ನ ಕೊಂದಿದ್ದು ಮಂದಿ. ಕೈಯಾರ ಕೊಂದಾರ. ಅದನ್ನ ನನ್ನ ದೇವರ ಮ್ಯಾಲ ಹಾಕಿದ್ರ ನಾಲಿಗಿ ಕಿತ್ತೀನಿ."

ಉಪದೇಶಿ ಕುಣಿಯ ಪಕ್ಕ ಕುಸಿದು ಕೂತು ಅತ್ತ. ಆಮೇಲೆ ಯಾರೂ ಯಾರಿಗೂ ಸಮಾಧಾನ ಹೇಳಲಿಲ್ಲ.

ಕಿರಿಯ ಮಗ ಮಾತ್ರ ಅಳಲಿಲ್ಲ. ಮಣ್ಣು ಮಾಡಿ ಬಂದವನೇ ನಮ್ಮ ಮನೆಯ ಕೊಡಲಿ ಎತ್ತಿಕೊಂಡ. ಸುಳ್ಳೇಕೆ ಹೇಳಲಿ, ಹೋಗಲಿ, ಕಡಿಯಲಿ ಎಂದೇ ನಾನೂ ಅಂದುಕೊಂಡೆ. ಹೋಗಿದ್ದರೆ ಅವನೂ ಹೆಣವಾಗಿಯೇ ಬರುತ್ತಿದ್ದ. ದೊಡ್ಡವ್ವ ಓಣಿಗೆ ಅಡ್ಡ ನಿಂತಳು.

"ದಾರಿ ಬಿಡಬೇ ಯವ್ವಾ. ಅಣ್ಣನ್ನ ಬಡಿಯುವಾಗ ನಿನ್ನ ದೇವರು ಎಲ್ಲಿದ್ದ?"

"ನನಗೂ ಗೊತ್ತಿಲ್ಲಪ್ಪಾ. ನಾನೂ ಅದನ್ನ ಕೇಳಾಕತ್ತೀನಿ. ಅವ ಒಳ್ಳೇವ ಅಂತ ಗೊತ್ತದ, ಅದಕ್ಕ ಕೇಳಾಕತ್ತೀನಿ. ಕೆಟ್ಟವನ ಮುಂದ ಹೋಗಿ ಯಾರು ಅಳ್ತಾರ?"

ಅವನು ಪಕ್ಕಕ್ಕೆ ನುಗ್ಗಿದ. ಅವಳು ಕೊಡಲಿಯ ಬಾಯನ್ನೇ ಹಿಡಿದಳು. ಅವನು ಎಳೆದ, ಅವಳು ಬಿಡಲಿಲ್ಲ. ಮತ್ತೆ ಜೋರಾಗಿ ಎಳೆದ. ಅಂಗೈ ಸೀಳಿ ರಕ್ತ ಮೊಣಕೈಗೆ ಇಳಿಯಿತು, ಆದರೂ ಅವಳು ಕೊಡಲಿ ಬಿಡಲಿಲ್ಲ. ಅವ್ವನ ಕೈ ನೋಡಿ ಹುಡುಗ ತಾನೇ ಬಿಟ್ಟ. ತಿರುಗಿ ಕೂಡ ನೋಡದೆ ನಡೆದು ಹೋಗಿ ರಾಯಚೂರಿನ ಹತ್ತಿ ಮಿಲ್ಲೊಂದರಲ್ಲಿ ಕೆಲಸಕ್ಕೆ ಸೇರಿಕೊಂಡ.

ಕೊಂದವರಿಗೆ ಏನೂ ಆಗಲಿಲ್ಲ. ಕೋರ್ಟಿನಲ್ಲಿ ಸಾಕ್ಷಿ ಹೇಳಲು ಹೋದ ದೊಡ್ಡವ್ವನ ಜೊತೆ ನನ್ನ ಗಂಡನೊಬ್ಬನೇ ನಿಂತ, ಸಾಲಲಿಲ್ಲ. ಬಿಡುಗಡೆಯಾಗಿ ಬಂದವರು ನಮ್ಮ ಓಣಿಯ ಮುಂದೆಯೇ ಹಲಗೆ ಬಡಿಸಿಕೊಂಡು ಹೋದರು. ನಮ್ಮ ಬೆನ್ನಿನ ಚರ್ಮ ಸುಲಿದಂತಾಯಿತು.

ಮಗ ಅವ್ವನ ಜೊತೆ ಮಾತು ಬಿಟ್ಟ. "ಅವಳಿಗೆ ನಮ್ಮಣ್ಣನಕಿಂತ ದೇವರು ಹೆಚ್ಚಾದ," ಎಂದು ಸಿಕ್ಕವರ ಮುಂದೆ ಅನ್ನುತ್ತಿದ್ದನಂತೆ. ಅವಳ ಬಲಗೈಯ ಬೆರಳು ಆಮೇಲೆ ನೆಟ್ಟಗಾಗಲಿಲ್ಲ. ಆ ಮುದುಡಿದ ಕೈಯನ್ನೇ ಎಡಗೈಗೆ ಒತ್ತಿ ಊಟದ ಮುಂದೆ ದೇವರಿಗೆ ಸ್ತೋತ್ರ ಹೇಳುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಯಾತಕ್ಕ ಸ್ತೋತ್ರ ದೊಡ್ಡವ್ವಾ? ಒಬ್ಬನ್ನ ಕೊಂದ್ರು. ಇನ್ನೊಬ್ಬ ನಿನ್ನ ಮಾರಿ ಸೈತ ನೋಡಲ್ಲ."

ರೊಟ್ಟಿ ಕೆಳಗಿಟ್ಟು ನನ್ನನ್ನೇ ನೋಡಿದಳು. "ಬದುಕ್ಯಾನಲ್ಲವಾ. ನನ್ನ ಮ್ಯಾಲ ಸಿಟ್ಟು ಮಾಡಾಕರ ಬದುಕ್ಯಾನ. ಸಿಟ್ಟು ತನ್ನವರ ಮ್ಯಾಲೇ ಬರ್ತದ. ನನಗ ದೇವರ ಮ್ಯಾಲ ಸಿಟ್ಟಿಲ್ಲೇನು? ಬಾಳ ಅದ. ಹಂಗಂತ ಬಿಟ್ಟೀನೇನು?"

ಎಂಬತ್ತರ ದಶಕ ಮುಗಿಯುವ ಮುನ್ನ ಜ್ವರ ಬಂದು ಹೋದಳು. ಮಣ್ಣಿನ ಹೊತ್ತಿಗೆ ಮಗ ಬಂದ, ಹೆಂಡತಿ ಮಕ್ಕಳನ್ನು ಕರೆದುಕೊಂಡು. ಆ ಮಕ್ಕಳನ್ನು ಅವಳು ಕಂಡೇ ಇರಲಿಲ್ಲ. ಕುಣಿಗೆ ಇಳಿದವನು ಮೇಲೆ ಬರಲೊಲ್ಲ. ಅವಳ ಬಲಗೈಯನ್ನು ತನ್ನ ಮುಖಕ್ಕೆ ಒತ್ತಿಕೊಂಡು, "ಯವ್ವಾ, ನನಗ ಸಿಟ್ಟಿಲ್ಲಬೇ, ಸಿಟ್ಟಿಲ್ಲ," ಅನ್ನುತ್ತಿದ್ದ. ನಾಲ್ಕು ಜನ ಹಿಡಿದು ಎಳೆದು ಮೇಲೆ ತಂದರು.

ಆ ಮಾತನ್ನು ಎಂಟು ದಿನ ಮುಂಚೆ ಹೇಳಿಸಬಾರದಿತ್ತೇ ನೀನು, ಅವಳ ಕಿವಿ ಕೇಳುವಾಗ... ಅಂದಿನಿಂದ ದೇವರನ್ನು ಇದೊಂದೇ ಕೇಳುತ್ತ ಬಂದಿದ್ದೇನೆ. ಮೊನ್ನೆ ಊಟಕ್ಕೆ ಕೂತಾಗಲೂ ಕೇಳಿದೆ, ಸೊಸೆ ಬೆಚ್ಚಿ ನೋಡುವಷ್ಟು ಜೋರಾಗಿಯೇ ಕೇಳಿದೆ. ಆಮೇಲೆ ಸ್ತೋತ್ರ ಹೇಳಿ ರೊಟ್ಟಿ ಮುರಿದೆ.