ಸಾಹೇಬರು ಹರಿದುಕೊಂಡ ಹಾಳೆ

ಹಳೆಯದಾದರೆ ಸಿಟ್ಟು ಆರುತ್ತದೆ ಅನ್ನುತ್ತಾರೆ. ನನ್ನದು ಆರಿಲ್ಲ.

ಆಗ ನಾನು ಬೆಳಗಾವಿಯ ರವಿವಾರ ಪೇಟೆಯ ಸಣ್ಣ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಖಾನಾಪುರದ ಹಂಚಿನ ಕಾರ್ಖಾನೆಯ ಕೆಲಸ ಬಂತು. ಹೊರಗಿನ ಕಾಟ ತಡೆಯಲು ಅಲ್ಲೊಂದು ಫೈರ್‌ವಾಲ್ ಕಂಪ್ಯೂಟರ್ ಇತ್ತು. ಅದರೊಳಗೇ ತಂತ್ರಾಂಶದಲ್ಲಷ್ಟೇ ಇರುವ ಎರಡು ವರ್ಚುವಲ್ ಕಂಪ್ಯೂಟರ್ ನಡೆಸಿ, ಬ್ರಿಡ್ಜ್ ಎಂಬ ಕೊಂಡಿ ಕಟ್ಟಿ, ಆಫೀಸಿನ ನೆಟ್‌ವರ್ಕಿಗೆ ಸೇರಿಸಬೇಕು. ಮಾಡಿದವನಿಗೆ ಅಲ್ಲೇ ಕಾಯಂ ನೌಕರಿ ಎಂದಿದ್ದರು ಕಾರ್ಖಾನೆಯ ಮಾಲಕರು. ಹದಿನೈದು ದಿನ ಅಂಗಡಿಯ ಹಳೆ ಯಂತ್ರದ ಮೇಲೆ ಕಟ್ಟಿ, ಕೆಡಿಸಿ ಕಲಿತೆ. ಪ್ರತಿ ಹೆಜ್ಜೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ನಾನು ಊಟಕ್ಕೆ ಹೋದಾಗ ನಮ್ಮ ಅಂಗಡಿಯ ಹಿರಿಯ ಇಂಜಿನಿಯರ್ ಸಾಹೇಬರು ಆ ಹೆಜ್ಜೆಗಳಿದ್ದ ಹಾಳೆ ಹರಿದುಕೊಂಡು, ಮಾಲಕರಿಗೆ ತಮ್ಮದೆಂದು ತೋರಿಸಿದರು. ನಾನು ಬರೇ ಸ್ಕ್ರೂ ತಿರುವುವವನು ಅಂದರಂತೆ. ಆದರೆ ನೋಟ್‌ಬುಕ್ ತೆರೆದಾಗ ನಗು ಬಂತು. ನೆಟ್‌ವರ್ಕ್ ಕಾರ್ಡನ್ನು ಬ್ರಿಡ್ಜಿಗೆ ಸೇರಿಸಿದ ಕೂಡಲೇ ಅದರ ವಿಳಾಸವನ್ನು ಬ್ರಿಡ್ಜಿಗೆ ಕೊಡಬೇಕು, ಇಲ್ಲದಿದ್ದರೆ ಸಂಪರ್ಕ ಕಡಿಯುತ್ತದೆ. ಅದನ್ನು ಬರೆದದ್ದು ಮುಂದಿನ ಹಾಳೆಯಲ್ಲಿ. ಅದು ನನ್ನ ಹತ್ತಿರವೇ ಉಳಿದಿತ್ತು. ನಾನು ಬಾಯಿ ಬಿಡಲಿಲ್ಲ.

ಸಾಹೇಬರು ಅಮಾವಾಸ್ಯೆಯ ದಿನ ಆರಿಸಿಕೊಂಡರು. ಅಂದು ಕಾರ್ಖಾನೆಯವರು ಯಂತ್ರಗಳಿಗೆ ಪೂಜೆ ಮಾಡಿ, ಬೀಗ ಹಾಕಿ ಮನೆಗೆ ಹೋಗುತ್ತಿದ್ದರು. ಯಾರ ಕೆಲಸವೂ ನಿಲ್ಲುವುದಿಲ್ಲ. ಬೆಳಗಾವಿಯಲ್ಲೇ ಕುಳಿತು, ಫೋನ್ ಲೈನಿನಿಂದ ಅಲ್ಲಿಯ ನೆಟ್‌ವರ್ಕಿಗೆ ಹೊಕ್ಕು, ಹಾಳೆ ನೋಡಿ ಒಂದೊಂದೇ ಆಜ್ಞೆ ಹೊಡೆದರು. ಕೊನೆಯ ಸಾಲಿಗೆ ಸಂಪರ್ಕ ಕಡಿದು ಪರದೆ ಸುಮ್ಮನಾಯಿತು. ಅಲ್ಲಿ ಯಂತ್ರದ ಮುಂದೆ ಕೂತು ಸರಿಪಡಿಸಲು ಒಬ್ಬ ಮನುಷ್ಯನೂ ಇರಲಿಲ್ಲ. ನಾನು ಎದುರಿನ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದೆ.

ಮರುದಿನ ಕಾರ್ಖಾನೆ ತೆರೆದರೆ ಎಲ್ಲ ಕಂಪ್ಯೂಟರುಗಳ ಹೊರಸಂಪರ್ಕ ಬಂದ್. ಮಾಲಕರು ಇಬ್ಬರನ್ನೂ ಖಾನಾಪುರಕ್ಕೆ ಕರೆಸಿದರು. ಸಾಹೇಬರು ಬೆವರುತ್ತ ಹಾಳೆಯನ್ನು ಮೂರು ಸಲ ಓದಿದರು. ಆಮೇಲೆ ನಾನು ಕುಳಿತು ಎರಡು ಸಾಲು ಹೊಡೆದೆ, ಎಲ್ಲ ನಡೆಯಿತು. ನೋಟ್‌ಬುಕ್ಕನ್ನು ಮಾಲಕರ ಮುಂದಿಟ್ಟೆ. ಅವರು ಸಾಹೇಬರ ಕೈಯಿಂದ ಹಾಳೆ ಇಸಿದುಕೊಂಡು ಹರಿದ ಅಂಚಿಗೆ ಹಚ್ಚಿ ನೋಡಿದರು. ಕೂಡಿತು. ಸಾಹೇಬರ ಮುಖ ಕಪ್ಪಿಟ್ಟಿತು.

ಮಾಲಕರು ನನ್ನ ಕಡೆ ತಿರುಗಿದರು. “ಹಿಂಗ ಆಗತೈತಿ ಅಂತ ನಿನಗ ಮೊದಲ ಗೊತ್ತಿತ್ತೇನು?”

“ಗೊತ್ತಿತ್ರೀ.”

“ಗೊತ್ತಿದ್ದೂ ಸುಮ್ಮ ಕುಂತಾಂವನ ಕೈಯಾಗ ನನ್ನ ಕಾರ್ಖಾನಿ ಹೆಂಗ ಕೊಡ್ಲಿ?”

ನೌಕರಿ ಇಬ್ಬರಿಗೂ ಸಿಗಲಿಲ್ಲ. ಬಸ್ಸಿನಲ್ಲಿ ಬೆಳಗಾವಿ ಬರುವ ತನಕ ಸಾಹೇಬರು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತಿದ್ದರು. ಆ ನೌಕರಿ ನನಗೆ ಬಹಳ ಬೇಕಿತ್ತು. ಆದರೂ ಹಾಳೆ ಕೂಡಿದಾಗಿನ ಅವರ ಆ ಮುಖ ನೋಡಲು ಇನ್ನೊಮ್ಮೆ ಸಿಕ್ಕರೆ, ಇನ್ನೊಮ್ಮೆಯೂ ಸುಮ್ಮನೇ ಕೂರುತ್ತೇನೆ.